ಕಿರುಬೆರಳು

ನೆಲದಿಂದ ನೋಡಿದರೆ ಅವಳು ನ್ಯಾಯ.
ಹಾಗೆಂದು ಟಿಕೆಟ್ಟಿನ ಹಿಂಬದಿಯಲ್ಲಿ ಅಚ್ಚಾಗಿದೆ.
ಎಡಕ್ಕೆ ಧೈರ್ಯ; ಅವಳ ಸಿಂಹ ಮೂತಿ ಸವೆದು ಈಗ ಕುರಿ.
ಬಲಕ್ಕೆ ಸಂಯಮ; ಹೂಜಿಯ ಬಾಯಲ್ಲಿ ಪಾರಿವಾಳದ ಸಂಸಾರ.
ಅದರಾಚೆ ಯಾರೋ, ತಲೆಯಿಲ್ಲ,
ಮಳೆನೀರ ಕೊಳವೆ ಹಾಯಿಸಲು ತೆಗೆದರಂತೆ.

ಬಾಲ್ಕರ್ನಿ ಅರಮನೆ, ಫೈಫ್ ಸೀಮೆ, ಏಪ್ರಿಲ್.
ಕಡಲ ಗಾಳಿಗೆ ಸಾರುವೆಯ ಕಂಬಿಗಳು ಹಲ್ಲು ಕಡಿಯುತ್ತವೆ.
ನಾಲ್ಕನೆಯ ಹಲಗೆಯ ಮೇಲೆ ಮಂಡಿಯೂರಿ
ನಾನು ನ್ಯಾಯದ ಕಂಕುಳು ತೊಳೆಯುತ್ತಿದ್ದೇನೆ,
ಮಕ್ಕಳ ಹಲ್ಲುಜ್ಜುವ ಬ್ರಷ್ಷಿನಲ್ಲಿ.

ಮರಳುಗಲ್ಲು. ಉಜ್ಜಿದರೆ ಉದುರುತ್ತದೆ,
ಉಜ್ಜದಿದ್ದರೂ ಉದುರುತ್ತದೆ, ಸ್ವಲ್ಪ ನಿಧಾನವಾಗಿ.
ಮೂಗು ಹೋಗಿದೆ. ಕಣ್ಣಿಗೆ ಪಟ್ಟಿ ಇತ್ತೋ ಇಲ್ಲವೋ,
ಹುಬ್ಬಿನಿಂದ ಕೆನ್ನೆಯವರೆಗೆ ಒಂದೇ ಬಯಲು.
ಎಡಗೈಯ ಕತ್ತಿ ಮೊಣಕೈ ಸಮೇತ ಎಂದೋ ಬಿದ್ದಿದೆ.
ಬಲಗೈ ಮಾತ್ರ, ಸೂರಂಚಿನ ಮರೆಯಲ್ಲಿ,
ನಿನ್ನೆ ಕೆತ್ತಿದಂತಿದೆ.

"ಏನು ಹಿಡಿದಿದ್ದಳು?" ಕೆಳಹಲಗೆಯಿಂದ ಐಲ್ಸಾ ಮಕ್‌ಗರ್ವಿ.
ಅವಳ ಕೈಯ ನಮೂನೆಯಲ್ಲಿ ಒಂದು ಕಾಲಂ: ಗುರುತು.
ಯಾರೋ ಮೊದಲು 'ಸಮೃದ್ಧಿ' ಬರೆದು ಹೊಡೆದುಹಾಕಿದ್ದಾರೆ.
ಆಮೇಲೆ 'ಸತ್ಯ'; ಅದಕ್ಕೊಂದು ಪ್ರಶ್ನಾರ್ಥಕ.

ಪಾಚಿ ಬಿಡಿಸಿ ನೋಡಿದೆ. ಹೆಬ್ಬೆರಳು ತೋರುಬೆರಳ ನಡುವೆ
ತುಕ್ಕಿನ ತೂತು, ರಾಗಿಕಾಳಷ್ಟು.
ಕನ್ನಡಿ ಹಿಡಿದ ಕೈಯಲ್ಲ, ಹಣ್ಣು ತುಂಬಿದ ಕೊಂಬೂ ಅಲ್ಲ.
ಮೇಲಕ್ಕೆತ್ತಿ ದಾರ ಚಿವುಟಿದ ಕೈ.
ತಕ್ಕಡಿಯೇ.
ಈ ಕೈ ನನಗೆ ಗೊತ್ತು.

ಚಿಂತಾಮಣಿ ಸಂತೆಯಲ್ಲಿ ಹುಣಸೆಹಣ್ಣು ತೂಗುತ್ತಿದ್ದ
ಸೋದರತ್ತೆ ಗಂಗುಲಮ್ಮ ಹೀಗೇ ಎತ್ತುತ್ತಿದ್ದಳು.
ಗಿರಾಕಿ ಮುಳ್ಳು ನೋಡುತ್ತಿದ್ದ.
ನಾನು, ಅವಳ ಸೊಂಟದೆತ್ತರದವಳು, ಕೆಳಗಿನಿಂದ
ಕಿರುಬೆರಳು ನೋಡುತ್ತಿದ್ದೆ:
ತೊಲೆಯ ತುದಿಗೆ ಒಂಚೂರು ತಾಗಿ, ಒಂಚೂರು ಒತ್ತಿ,
ಏನೂ ಅರಿಯದ ಕೂಸಿನಂತೆ ಹಿಂದೆ ಸರಿಯುತ್ತಿತ್ತು.
ಯಾರಿಗೂ ಹೇಳಲಿಲ್ಲ. ಸಂಜೆ ಬೆಲ್ಲ ಸಿಗುತ್ತಿತ್ತು.

ಇಲ್ಲೂ ಇದೆ.
ಮಿಕ್ಕ ಬೆರಳಿಗೆಲ್ಲ ರಾಜಗಾಂಭೀರ್ಯ;
ಅದೊಂದು ಮಾತ್ರ ಕೊಂಕಿ ಕೆಳಗಿಳಿದಿದೆ,
ಗೆಣ್ಣಿನ ಮಡಿಕೆ ಸಮೇತ.

ಕೂಲಿಗೆ ಕೆತ್ತಿದವನೇ,
ಯಾವ ಸಂತೆಯಲ್ಲಿ ಮೋಸಹೋಗಿ ಬಂದಿದ್ದೆ ಆ ಬೆಳಿಗ್ಗೆ?
ಇಲ್ಲಾ, ಅರಮನೆಯ ಕೂಲಿ ಎಣಿಸಿಕೊಂಡ ಮರುದಿನವೋ?
ಮೂವತ್ತೈದು ಅಡಿ ಮೇಲೆ, ದೊರೆಯ ಕಣ್ಣು ತಲುಪದಲ್ಲಿ,
ನಿನಗೂ ಹಕ್ಕಿಗಳಿಗೂ ಬಿಟ್ಟು
ಇನ್ನಾರಿಗೆ ಗೊತ್ತಿತ್ತು ಈ ನಗೆ?

"ಏನಂತ ಬರೀಲಿ?" ಐಲ್ಸಾ ಕೂಗಿದಳು. ಗಾಳಿಗೆ ಹಾಳೆ ಪಟಪಟ.
"ನ್ಯಾಯ," ಅಂದೆ. "ಅನುಮಾನವೇ ಇಲ್ಲ."

ಬಿಡಿಸಿದ ಪಾಚಿಯ ತುಣುಕೊಂದನ್ನು
ಇದ್ದಲ್ಲಿಗೇ ಅಂಟಿಸಿದೆ,
ಒಂಚೂರು ಒತ್ತಿ.