ಮುಚ್ಚಳ ಇದೆಯಾ?

ಪ್ರಶ್ನೆ ನಾನೇ ಬರೆದದ್ದು,
ಅಂಕಾರಾದ ಬೆಚ್ಚನೆಯ ಕೋಣೆಯಲ್ಲಿ ಕೂತು:
ನಿನ್ನ ಕೈಲಿ ಒಂದು ಖಾಲಿ ಮೊಸರಿನ ಡಬ್ಬಿ.
ಅದರಿಂದ ಏನೇನು ಕಂಡುಹಿಡಿಯಬಲ್ಲೆ?
ಹೊಳೆದಷ್ಟೂ ಬರೆ. ಹತ್ತು ನಿಮಿಷ.

ಇದು ಚಿಲ್ದಿರ್ ಸರೋವರದ ದಂಡೆಯ ಶಾಲೆ.
ನಾಲ್ಕನೇ ತರಗತಿ, ಹದಿನೇಳು ಮಕ್ಕಳು.
ಒಲೆಗೆ ಬೆರಣಿ ತುರುಕುವ ಸರದಿ ಯಾರದ್ದೆಂದು
ಬೆಳಿಗ್ಗೆಯೇ ಸಣ್ಣದೊಂದು ಜಗಳ.
ಕಿಟಕಿಯಾಚೆ ನೀರು ಕಲ್ಲಾಗಿ ಮಲಗಿದೆ,
ಅದರ ಮೇಲೆ ಕುದುರೆಗಾಡಿ ಹೋಗುತ್ತಿದೆ.

ಅಂಕದ ಲೆಕ್ಕ ಸುಲಭ.
ಉತ್ತರಕ್ಕೊಂದು.
ಬಗೆ ಹೊಸದಾದರೆ ಇನ್ನೊಂದು.
ನೂರರಲ್ಲಿ ಐವರಿಗೂ ಹೊಳೆಯದ್ದಾದರೆ ಎರಡು.
ಇಬ್ಬರು ಬೇರೆಬೇರೆ ತಿದ್ದಬೇಕು,
ಆಮೇಲೆ ತಾಳೆ ನೋಡಬೇಕು.

ರಾತ್ರಿ ಶಿಕ್ಷಕರ ಕೋಣೆಯಲ್ಲಿ ನಾನು, ತುರ್ಗಾಯ್,
ನಡುವೆ ಆರುತ್ತಿರುವ ಚಹಾ.

ಅಲ್ಪೆರೆನ್ ಬರೆದದ್ದು ಇಪ್ಪತ್ತಮೂರು:
ಮಳೆ ಅಳೆಯಬಹುದು, ಹಾಲು ಅಳೆಯಬಹುದು,
ಗೋಧಿ ಅಳೆಯಬಹುದು, ತಂಗಿಯ ಕಣ್ಣೀರು ಅಳೆಯಬಹುದು...
"ಹುಡುಗ ಅಳತೆಗೋಲು ನುಂಗಿದ್ದಾನೆ"
ಎಂದ ತುರ್ಗಾಯ್, ಅಂಕ ಕೂಡುತ್ತ.

ಎಲ್ವಾನ್ ಬರೆದದ್ದು ಒಂದೇ, ಪುಟದ ತುಂಬ:
"ಡಬ್ಬಿಯ ತಳ ಕತ್ತರಿಸಿ
ಮಂಜುಗಡ್ಡೆಯ ಮೇಲೆ ನಿಲ್ಲಿಸಿ ಕಿವಿ ಇಡುತ್ತೇನೆ.
ದಪ್ಪ ಇರುವಲ್ಲಿ ಹೂಂ ಎನ್ನುತ್ತದೆ.
ತೆಳು ಇರುವಲ್ಲಿ ತಂತಿ ಎಳೆದ ಹಾಗೆ ಕಿರ್ರ್.
ಮೂರು ದಿನ ಕೇಳಿದೆ.
ನಾಲ್ಕನೇ ದಿನ ಗಾಳಿ ಇತ್ತು,
ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ."

ನನ್ನ ಪೆನ್ನು ನಿಂತಿತು.
ಒಂಬತ್ತು ವರ್ಷ. ಗಾಳಿಯ ದಿನವನ್ನು ಬಿಟ್ಟಿದ್ದಾಳೆ!
ಅಂಕಾರಾದ ಆರುನೂರು ಹಾಳೆಗಳಲ್ಲಿ
ಇಂಥದ್ದೊಂದೂ ಸಿಕ್ಕಿರಲಿಲ್ಲ.
ಎರಡು ಎಂದು ಬರೆಯಹೊರಟೆ.

ತುರ್ಗಾಯ್ ಮುಂದಿನ ಹಾಳೆ ಸರಿಸಿದ: ಮಂಜಿನ ಸದ್ದು.
ಅದರ ಮುಂದಿನದು: ಮಂಜಿನ ಸದ್ದು.
ಹದಿನೇಳರಲ್ಲಿ ಹನ್ನೊಂದು.
ಚಳಿಗಾಲವಿಡೀ ಗಡ್ಡೆ ಕೊರೆದು ಬಲೆ ಇಳಿಸುವವರ ಮಕ್ಕಳು;
ಇಲ್ಲಿ ಕಿವಿ ಎಂದರೆ ಪಿತ್ರಾರ್ಜಿತ.
ಈ ಊರಲ್ಲಿ ಅಪರೂಪವಲ್ಲ, ಆದ್ದರಿಂದ ಸೊನ್ನೆ.
ಅದೇ ಹಾಳೆಯನ್ನು ಬಸ್ಸಿಗೆ ಹತ್ತಿಸಿ
ಒಂದು ಹಗಲು ಒಂದು ರಾತ್ರಿ ಪಶ್ಚಿಮಕ್ಕೆ ಕಳಿಸಿದರೆ, ಎರಡು.

ಗಾಳಿಯ ದಿನಕ್ಕೆ ಕಾಲಮ್ಮೇ ಇರಲಿಲ್ಲ.
ಕೋಷ್ಟಕಕ್ಕೆ ಗೆರೆ ಎಳೆದವಳೂ ನಾನೇ.

ಕೊನೆಯದು ಸೆಫೆರನ ಹಾಳೆ.
ಮೇಲೆ ಹೆಸರು, ಕೆಳಗೆ ಪೆನ್ಸಿಲಿನಲ್ಲಿ ಎರಡು ಪದ:
ಮುಚ್ಚಳ ಇದೆಯಾ?
ಉಳಿದದ್ದು ಬಿಳಿ.

ನೆನಪಾಯಿತು. ಅವನು ಕೈ ಎತ್ತಿದ್ದ.
ಪರೀಕ್ಷಕರು ಏನನ್ನೂ ವಿವರಿಸಕೂಡದು ಎಂಬ ನಿಯಮ ನೆನೆದು
ಹೊಳೆದದ್ದು ಬರೆ ಮರೀ ಎಂದಿದ್ದೆ.
ಕೈ ಇಳಿಯಲು ಬಹಳ ಹೊತ್ತು ಹಿಡಿದಿತ್ತು.

ತುರ್ಗಾಯ್ ಸೊನ್ನೆ ಕೊಟ್ಟ. ನಾನೂ ಕೊಟ್ಟೆ.
ತಾಳೆ ನೋಡಿದೆವು:
ಕೂದಲೆಳೆಯ ವ್ಯತ್ಯಾಸವಿಲ್ಲ.

ಬೆಳಿಗ್ಗೆ ಬಸ್ಸಿಗೆ ಕಾಯುವಾಗ
ಬಕೆಟ್ಟು ಹಿಡಿದು ಎದುರಾದ.
ಮೂಗಿನ ತುದಿ ಕೆಂಪಗೆ.
"ಇದೆ," ಎಂದೆ, "ಮುಚ್ಚಳ ಇದೆ."

ನಿಂತ. ಬಕೆಟ್ಟನ್ನು ಹಿಮದ ಮೇಲಿಟ್ಟ.
ಕಳೆದುಹೋದ ಕುರಿ ಸಿಕ್ಕವನ ಮುಖ.
"ಹಾಗಾದರೆ ಎರಡು ಡಬ್ಬಿ ಬೇಕು, ಮೇಡಂ.
ಒಂದು ಮುಚ್ಚಿಡಲು,
ಒಂದು ತೆರೆದಿಡಲು.
ಇಲ್ಲದಿದ್ದರೆ ಗೊತ್ತಾಗುವುದು ಹೇಗೆ?"

ಬಸ್ಸು ಬಂತು.
ನನ್ನ ಪ್ರಶ್ನೆಯಲ್ಲಿದ್ದದ್ದು
ಒಂದೇ ಡಬ್ಬಿ.