ಕದ

ನನ್ನ ಪಾಲಿಗೆ ಬಂದದ್ದು ಎರಡು ಕೀಲು, ಒಂದು ಚಿಲಕ,
ಒಂಬತ್ತು ಮೊಳೆ, ಹರಿದ ಕಾಲುಚೀಲದಲ್ಲಿ ಗಂಟು ಕಟ್ಟಿ.
ಕದ ಅತ್ತೆ ಗುಲ್‌ಸಂಬರಳ ಬೆನ್ನಿಗೆ.

ಜರ್ದಾಳು ಮರದ ಕದ. ಅಜ್ಜಿಯ ಮನೆಯನ್ನು
ಹಿಮನದಿ ಒಡೆದು ಬಂದ ನೀರು ಕೊಂಡೊಯ್ದಾಗ
ಇದೊಂದು ಮಾತ್ರ ತೇಲಿ, ಅರ್ಧ ಹರದಾರಿ ಕೆಳಗೆ
ಬೇರಿಗೆ ಸಿಕ್ಕಿಕೊಂಡಿತ್ತಂತೆ.
ನವರೋಜಿನಲ್ಲಿ ಅಜ್ಜಿ ಒತ್ತಿದ ಹಿಟ್ಟಿನ ಬೆರಳು
ಅಷ್ಟು ನೀರಿಗೂ ಅಳಿಯಲಿಲ್ಲ ಎನ್ನುತ್ತಾಳೆ ಅತ್ತೆ;
ನನಗೆ ಕಂಡದ್ದು ಬರೀ ಬಿಳಿ ಕಲೆ.

ಮೇಲೆ ಪಾಮಿರಿನ ಬೀಡಿನಲ್ಲಿ ಮರವಿಲ್ಲ.
ಕಲ್ಲು ಬೇಕಾದಷ್ಟು, ಹುಲ್ಲು ಎರಡು ತಿಂಗಳ ಸಾಲ.
ಗೋಡೆಯ ಬಾಯಿಗೆ ಇಷ್ಟು ವರ್ಷ ಕಂಬಳಿ ಇಳಿಬಿಟ್ಟು ಮಲಗಿದ್ದರು.
ಹೋದ ಬೇಸಿಗೆ ತೋಳ ಅದನ್ನು ಮೂತಿಯಿಂದ ಸರಿಸಿ
ನೆಂಟನ ಹಾಗೆ ಒಳಬಂದು
ಹನ್ನೊಂದು ಮರಿ.
ಅದಕ್ಕೇ ಈ ಕದ, ಈ ನಾಲ್ಕು ದಿನದ ದಾರಿ.

ಹಿಂದಿನಿಂದ ನೋಡಿದರೆ ಅತ್ತೆ ಕಾಣುವುದಿಲ್ಲ:
ಎರಡು ಕಾಲು ಮೂಡಿದ ಬಾಗಿಲೊಂದು
ತನ್ನಷ್ಟಕ್ಕೆ ಬೆಟ್ಟ ಹತ್ತುತ್ತಿದೆ,
ಚಿಲಕದ ತೂತಿನಲ್ಲಿ ಅವಳ ಕೆಂಪು ಟೊಪ್ಪಿಯ ಚೂರು.
ತಟ್ಟಿದರೆ ತೆರೆಯುತ್ತಾಳೆಯೇ ಎಂದು
ಒಮ್ಮೆ ಕೋಲಿನಿಂದ ತಟ್ಟಿದೆ.
"ಯಾರೂ ಇಲ್ಲ," ಎಂದಳು ಆಚೆಯಿಂದ, ಏದುಸಿರಲ್ಲಿ,
"ಎಲ್ಲ ಬೆಟ್ಟಕ್ಕೆ ಹೋಗಿದ್ದಾರೆ."

ಜಾರುಗಲ್ಲಿನ ಇಳಿಜಾರಿನಲ್ಲಿ ನಿಲ್ಲಗೊಡಲಿಲ್ಲ.
ಕಲ್ಲು ನಿದ್ದೆಗಣ್ಣಲ್ಲಿದೆ, ಮಾತಾಡಬೇಡ, ನಡಿ.
ತೊರೆಯ ಮೇಲೆ ಕದವನ್ನೇ ಹಾಸಿದಳು;
ಅಜ್ಜಿಯ ಬೆರಳು ತುಳಿಯದೆ ನಾನು ಅಂಚಿನಲ್ಲಿ ದಾಟಿದೆ.
ಕಣಿವೆದಾರಿಯ ನೆತ್ತಿಯಲ್ಲಿ ಗಾಳಿ
ಕದವನ್ನು ಹಿಡಿದು ತೆರೆಯಲು ನೋಡಿತು, ಅತ್ತೆಯ ಸಮೇತ.
ಬೋರಲು ಬಿದ್ದು, ಮಧ್ಯಾಹ್ನವಿಡೀ ಅದರಡಿ ಆಮೆಯಾಗಿ
ಇಬ್ಬರೂ ಕುರುತ್ ಚೀಪಿದೆವು:
ಮೊದಲು ಕಲ್ಲು, ಆಮೇಲೆ ಹುಳಿ.
ನನ್ನ ತಲೆ ಸಿಡಿಯುತ್ತಿತ್ತು. ಹೆಬ್ಬೆರಳ ಉಗುರು
ಬೂಟಿನೊಳಗೆ ಬೇರೆ ಸಂಸಾರ ಹೂಡಿತ್ತು.

ಮೂರನೆಯ ದಿನ, ಉಪ್ಪುಚಹಾ ಇನ್ನೂ ಕುದಿದಿರಲಿಲ್ಲ,
ಮೇಲಿನಿಂದ ನಾಲ್ವರು ಗಂಡಸರು.
ನಡುವೆ ಕಂಬಳಿಯಲ್ಲಿ ಜೋತುಬಿದ್ದು ಬೀಬಿ ಸನಮ್,
ನನ್ನದೇ ವಯಸ್ಸು; ಚಮರಿ ಕೆಡವಿ ಸೊಂಟದ ಕೀಲು ತಪ್ಪಿತ್ತು.
ಹೆಜ್ಜೆ ಹೆಜ್ಜೆಗೂ ಕಂಬಳಿ ಮಡಚುತ್ತಿತ್ತು,
ಮಡಚಿದಾಗೆಲ್ಲ ಅವಳು, ಹಾಲು ಬಿಡಿಸಿದ ಕರುವಿನ ಹಾಗೆ.
ಯಾರೂ ಕೇಳಲಿಲ್ಲ. ದೌಲತ್ ಅಮೀನ್ ಕದದ ಕಡೆ ನೋಡಿ
ಕಣ್ಣನ್ನು ತನ್ನ ಬೂಟಿಗೆ ಇಳಿಸಿದ.

ಅತ್ತೆ ಎದೆಯ ಹಗ್ಗ ಬಿಚ್ಚುತ್ತ
ಬೈಯುತ್ತಲೇ ಇದ್ದಳು: ಚಮರಿಯನ್ನು, ಚಮರಿಯ ಯಜಮಾನನನ್ನು,
ಗಂಡಸರು ಹಾಕುವ ಗಂಟನ್ನು.
ಹುಡುಗಿಯನ್ನು ಮಲಗಿಸಿ, ಬಿಗಿದು,
ತನ್ನ ಕೆಂಪು ಟೊಪ್ಪಿ ಅವಳ ತಲೆಯಡಿ ತುರುಕಿ
"ಬೆರಳಿರುವ ಕಡೆ ಮೇಲೆ," ಎಂದಳು. "ತಲೆಯ ಹತ್ತಿರ."
ತಿರುವು ಅವರನ್ನು ನುಂಗಿತು.

ಹಗುರಾದ ಮೇಲೆ ಅತ್ತೆಗೆ ನಡೆಯಲು ಬರಲಿಲ್ಲ.
ಮುಂದಕ್ಕೆ ಬಾಗಿಯೇ ಹತ್ತಿದಳು.
ಇಕ್ಕಟ್ಟಿನ ಬಂಡೆಗಳ ನಡುವೆ
ಅಡ್ಡಡ್ಡ ತಿರುಗಿ ನುಸುಳಿದಳು.

ಬೀಡಿನ ಹೆಂಗಸರು ಓಡಿಬಂದು
ನಮ್ಮ ಬೆನ್ನ ಹಿಂದೆ ನೋಡಿದರು.
ನಾನು ಕಾಲುಚೀಲ ಬಿಚ್ಚಿ ಹಾಸುಗಲ್ಲಿನ ಮೇಲೆ ಸುರಿದೆ:
ಎರಡು ಕೀಲು, ಒಂದು ಚಿಲಕ, ಎಂಟು ಮೊಳೆ.
ಅತ್ತೆ ಎಣಿಸಿ, ಅದಕ್ಕೂ ಬೈದಳು.

ಆ ಬೇಸಿಗೆ ಸರದಿಯ ಮೇಲೆ ಗೋಡೆಯ ಬಾಯಲ್ಲಿ ಕೂತೆವು,
ಕೋಲು, ತಗಡಿನ ಡಬ್ಬ, ತೂಕಡಿಕೆ.
ಕೆಳಗಿನಿಂದ ಸುದ್ದಿ ಬರಲು ಇನ್ನೂ ಹುಲ್ಲು ಒಣಗಬೇಕು.
ನನ್ನ ಪಾಳಿಯ ಮೂರನೆಯ ರಾತ್ರಿ ಎರಡು ಕಣ್ಣು
ಬಂದು ಕಂಬಳಿಯ ಸಂದಿನಲ್ಲಿ ನಿಂತವು.
ಕೈಯಲ್ಲಿದ್ದ ಚಿಲಕವನ್ನು ಡಬ್ಬಕ್ಕೆ ಬಡಿದೆ.
"ಯಾರೂ ಇಲ್ಲ," ಎಂದು ಕೂಗಿದೆ,
"ಎಲ್ಲ ಬೆಟ್ಟಕ್ಕೆ ಹೋಗಿದ್ದಾರೆ!"

ಒಳಗೆ, ಮರಿಗಳ ನಡುವೆ, ಕತ್ತಲಲ್ಲಿ
ಅತ್ತೆ ನಕ್ಕ ಸದ್ದು.