ಹೆಬ್ಬೆರಳಿಗೆ ರಜೆ

ತ್ಯಾಗರಾಜನಗರದ ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿ ಪಕ್ಕ,
ಎಂಟಡಿ ಅಗಲದ ನನ್ನ ಅಂಗಡಿ.
ಬೋರ್ಡಿನಲ್ಲಿ: ಸೀರೆ ಕುಚ್ಚು, ಫಾಲ್, ಜಿಗ್‌ಜ್ಯಾಗ್.
ಗಿರಣಿ ನಡೆದಾಗ ನನ್ನ ಗೋಡೆಯೂ ನಡುಗುತ್ತದೆ,
ರಾಗಿಯ ಬಿಸಿ ವಾಸನೆ ಬಂದು ರೇಷ್ಮೆಯ ಮೇಲೆ ಕೂರುತ್ತದೆ;
ಕೊಡವಿ ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಸೆರಗಿಗೆ ನೂರಿಪ್ಪತ್ತು ಕುಚ್ಚು.
ಕುಚ್ಚಿಗೆ ಮೂರು ಗಂಟು, ಮಣಿಯಿದ್ದರೆ ನಾಲ್ಕು.
ಲೆಕ್ಕ ನೀವೇ ಹಾಕಿಕೊಳ್ಳಿ, ನಾನು ಬಿಟ್ಟು ಬಹಳ ದಿನವಾಯಿತು.
ಗಂಟು ಎಣಿಸಿದರೆ ಗಂಟೆ ಮರೆಯುತ್ತದೆ,
ಗಂಟೆ ನೋಡಿದರೆ ಗಂಟು ತಪ್ಪುತ್ತದೆ.
ನಡುವೆ ಎಲ್ಲೋ ಡಬ್ಬಿಯ ಚಿತ್ರಾನ್ನ
ಮಧ್ಯಾಹ್ನ ಕಳೆದು, ಸಂಜೆ ಕಳೆದು,
ಹೊತ್ತು ತಂದಷ್ಟೇ ಭಾರದಲ್ಲಿ ಮನೆಗೆ ವಾಪಸಾಗುತ್ತದೆ.

ಆಷಾಢ ಮುಗಿದರೆ ಸಾಕು,
ಇಡೀ ದಕ್ಷಿಣ ಬೆಂಗಳೂರಿಗೆ ಒಂದೇ ಶುಕ್ರವಾರ ಬೇಕು.
"ಇವತ್ತೇ ಬೇಕು ಕಣ್ರೀ, ನಾಳೆ ಕಳಶಕ್ಕೆ ಉಡಿಸಬೇಕು."
"ನಂದು ಒಂದೇ ಸೀರೆ ಅಲ್ವಾ ಇಂದುಮತಿ."
ಎಲ್ಲರದೂ ಒಂದೇ. ಒಂದೊಂದೇ ಸೇರಿ ಅರವತ್ತೆರಡು,
ಹೆಸರಿನ ಚೀಟಿ ಅಂಟಿಸಿಕೊಂಡು ಕುರ್ಚಿಯ ಮೇಲೆ, ಕುರ್ಚಿಯ ಕೆಳಗೆ.
ನಾನು ನಿಂತೇ ಕಟ್ಟಿದ ದಿನಗಳಿವೆ.

ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್: "ಮಲಗಿಬಿಟ್ರಾ?"
ಇಲ್ಲ ಅಂತ ಬರೆದೆ. ಅದೇ ನನ್ನ ತಪ್ಪು.
ಒಮ್ಮೆ ಎದ್ದಿದ್ದೇನೆ ಅಂದವಳಿಗೆ
ಮತ್ತೆ ಯಾರೂ ಮಲಗಲು ಹೇಳುವುದಿಲ್ಲ.

ಕೊನೆಗೆ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತು.
ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ ಜಾರಿ ಬಿತ್ತು,
ಕುಕ್ಕರಿನ ಮುಚ್ಚಳ ತಿರುಗಲಿಲ್ಲ.
ಡಾಕ್ಟರಮ್ಮ ಒತ್ತಿ ನೋಡಿ, ಯಾವುದೋ ಉದ್ದನೆಯ ಹೆಸರು ಬರೆದು,
"ಮೂರು ವಾರ ಇದಕ್ಕೆ ರಜೆ ಕೊಡಿ" ಅಂದರು.
ನಕ್ಕೆ. ಅಂಗಡಿಯಲ್ಲಿ ಮಾಲೀಕಳು ನಾನಲ್ಲ ಮೇಡಂ,
ಇದೇ. ನಾನು ಇದರ ಕೈಕೆಳಗಿನವಳು.
ಫೀಸು ತೆಗೆದುಕೊಳ್ಳುತ್ತಾ ಅವರು ಕೇಳಿದರು:
"ನಮ್ಮತ್ತೆಯದ್ದೊಂದು ಧರ್ಮಾವರಂ ಇದೆ, ಎಷ್ಟಾಗುತ್ತೆ?"

ಮೂರು ವಾರ ಆಗದ ಮಾತು. ಒಂದು ದಿನ ಎಂದು
ನನ್ನ ಜೊತೆಗೇ ಚೌಕಾಶಿ ಮಾಡಿದೆ.
ಯಾವ ಗಿರಾಕಿಗೂ ಇಷ್ಟು ಇಳಿಸಿದವಳಲ್ಲ.
ರಟ್ಟಿನ ಮೇಲೆ, ಎಡಗೈಯಲ್ಲಿ, ಬರೆದು ನೇತುಹಾಕಿದೆ:
ಮಂಗಳವಾರ ರಜೆ.
ಅಕ್ಷರ ಸೊಟ್ಟ. ಒಳ್ಳೆಯದೇ ಆಯಿತು,
ನೋಡಿದವರಿಗೆ ಸುಳ್ಳಲ್ಲ ಅನ್ನಿಸಲಿ.

ಮನೆಯಲ್ಲಿದ್ದರೆ ಬಾಗಿಲು ತಟ್ಟುತ್ತಾರೆ.
ಬನಶಂಕರಿಯಲ್ಲಿ ಮೆಟ್ರೋ ಹತ್ತಿದೆ, ಕೊನೆಯ ನಿಲ್ದಾಣಕ್ಕೆ ಟಿಕೇಟು.
ಅಲ್ಲಿ ನನಗೆ ಯಾರೂ ಇಲ್ಲ, ಏನೂ ಇಲ್ಲ,
ಅದಕ್ಕೇ.
ಫೋನು ಚೀಲದ ತಳದಲ್ಲಿ ಗಿರಣಿಯ ಗೋಡೆಯಂತೆ ನಡುಗುತ್ತಿತ್ತು.
ನ್ಯಾಷನಲ್ ಕಾಲೇಜು ದಾಟಿ ರೈಲು ನೆಲದೊಳಗಿಳಿದಾಗ
ಕಿಟಕಿಯಲ್ಲಿ ನಾನು ಕಂಡೆ,
ಬೈತಲೆಯ ಪಕ್ಕ ಒಂದೆಳೆ ಜರಿ.
ನನ್ನದೋ, ಯಾರ ಸೀರೆಯದೋ.

ಚಿಕ್ಕಪೇಟೆ ಬಂದಾಗ ಕಾಲು ತಾನಾಗಿ ಎದ್ದಿತು.
ದಾರದ ಅಂಗಡಿಯ ದಾರಿ ಅದಕ್ಕೆ ಬಾಯಿಪಾಠ:
ಮೆಜೆಂಟಾ ಮುಗಿದಿದೆ, ಗಿಳಿಹಸಿರು ಮುಗಿಯುತ್ತ ಬಂದಿದೆ.
ಕೂತ್ಕೋ ಅಂದೆ, ಮಗುವಿಗೆ ಹೇಳುವ ಹಾಗೆ.
ಬಾಗಿಲು ಮುಚ್ಚಿತು.

ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲಿ ಬಾಗಿಲು ತೆರೆದಾಗ
ಗಂಧ ಬಂತೋ, ಹೆಸರು ಓದಿ ನಾನೇ ಅಂದುಕೊಂಡೆನೋ,
ಎರಡು ಸಲ ಉಸಿರೆಳೆದೆ, ಖಾತ್ರಿಗೆ.

ಪೀಣ್ಯದ ಹತ್ತಿರ ಎಲ್ಲೋ ನಿದ್ದೆ.
ಪಕ್ಕದ ಹುಡುಗಿ ಭುಜ ಮುಟ್ಟಿ "ಆಂಟಿ, ಕೊನೇ ಸ್ಟಾಪು" ಅಂದಾಗ
ನೋಡಿದೆ: ನನ್ನ ದುಪಟ್ಟಾದ ಅಂಚಿನ ಎಳೆಗಳು
ಮೂರು ಮೂರಾಗಿ, ಒಂದೇ ಅಳತೆಯಲ್ಲಿ, ಸಾಲಾಗಿ
ಗಂಟು ಬಿದ್ದಿದ್ದವು. ಒಂಬತ್ತು.
ಯಾರೂ ಕೇಳದ, ಯಾರೂ ಕಾಯದ,
ಬಿಲ್ಲಿಲ್ಲದ ಒಂಬತ್ತು ಗಂಟು.

ಬಿಚ್ಚಲು ಹೋದೆ.
ಬಿಚ್ಚುವುದಕ್ಕೂ ಹೆಬ್ಬೆರಳೇ ಬೇಕು.
ಹಾಗೇ ಬಿಟ್ಟು ವಾಪಸ್ ರೈಲಿನಲ್ಲಿ ಕೂತೆ,
ಎರಡೂ ಕೈ ಮಡಿಲಲ್ಲಿ, ಅಂಗಾತ.